ಉಂಚಳ್ಳಿಯ ಕಣಿವೆ ಯಾರ ಕಸದ ಬುಟ್ಟಿ?

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿ ಜಲಪಾತದ ಎದುರು ನಿಂತು ಖಾಲಿ ಬಿಯರ್ ಬಾಟಲಿಯನ್ನು ಕಣಿವೆಗೆ ಎಸೆಯುವುದರಲ್ಲಿ ಏನು ಸುಖವಿದೆ? ಬಲ್ಲವರು ಯಾರಾದರೂ ಹೇಳಿ. ಕಳೆದ ಭಾನುವಾರ ಒಂದಿಷ್ಟು ಹುಡುಗರು, ಯಾರ ಬಾಟಲಿ ಹೆಚ್ಚು ದೂರ ಹೋಗುತ್ತದೆ ಎಂದು ಪಂದ್ಯ ಕಟ್ಟಿ ಎಸೆಯುತ್ತಿದ್ದರು. ಪಕ್ಕದಲ್ಲೇ ಒಂದು ಸಂಸಾರ. ಮಗು ಚಿಪ್ಸ್ ತಿಂದು ಮುಗಿಸಿ, ಪೊಟ್ಟಣವನ್ನು ಎಲ್ಲಿ ಹಾಕಲಿ ಎಂದು ಕೇಳಿತು. ಅಪ್ಪ ಅದನ್ನು ಇಸಿದುಕೊಂಡು, ಮುದುರಿ, ಅದೇ ಕಣಿವೆಗೆ ಬಿಟ್ಟ. ಕೇಳುವ ಬುದ್ಧಿ ಇದ್ದ ಮಗುವಿಗೆ ಅವನು ಕಲಿಸಿದ್ದು ಇದನ್ನು! ಹುಡುಗರಿಗಿಂತ ಹೆಚ್ಚು ಸಿಟ್ಟು ನನಗೆ ಬಂದದ್ದು ಆ ಅಪ್ಪನ ಮೇಲೆ.

"ಯಾಕಪ್ಪಾ ಹೀಗೆ ಎಸೆಯುತ್ತೀರಿ?" ಎಂದು ಹುಡುಗರನ್ನು ಕೇಳಿದೆ. "ಇದೇನು ನಿಮ್ಮಪ್ಪನ ಜಾಗವೇ ಅಂಕಲ್?" ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು. ಸುತ್ತ ಅಷ್ಟು ಜನರಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಮೊಬೈಲ್ ಎತ್ತಿ ಹಿಡಿದು ನೀರಿನ ವಿಡಿಯೊ ಮಾಡುತ್ತಲೇ ಇದ್ದರು.

ನಮ್ಮಪ್ಪನ ಜಾಗವಲ್ಲ, ಒಪ್ಪಿದೆ. ಯಾರ ಜಾಗ ಎಂದು ಹೇಳುತ್ತೇನೆ, ಕೇಳಿ. ಈ ಕಾಡು ಸಿಂಗಳೀಕ ಎಂಬ ಕೋತಿಗಾಗಿ 2011ರಲ್ಲಿ ಘೋಷಣೆಯಾದ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಸೇರಿತ್ತು; 2019ರಲ್ಲಿ ಆ ಪ್ರದೇಶ ಶರಾವತಿ ಸಿಂಗಳೀಕ ಅಭಯಾರಣ್ಯದ ಭಾಗವಾಯಿತು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಸಿಂಗಳೀಕವಿಲ್ಲ. ಇದೇ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ; ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಬೇರುಗಳನ್ನು ಮೇಲೆತ್ತಿ ನಿಂತ ಮರಗಳ ಕಾಡು ಅದು. ಇಂಥ ಕಡೆಗೆ ಬಂದು ಗಾಜು ಒಡೆಯುತ್ತೀರಲ್ಲ, ಕೈಯಾದರೂ ಹೇಗೆ ಏಳುತ್ತದೆ?

ಅಘನಾಶಿನಿ ಹೊಳೆ ಇಲ್ಲಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ವೀಕ್ಷಣಾ ಕಟ್ಟೆಯ ಆಸುಪಾಸಿನಲ್ಲಿ ಬಿದ್ದ ಕಸವನ್ನಾದರೂ ಊರಿನವರು, ಪಾಪ, ಉಂಬಳ ಕಚ್ಚಿಸಿಕೊಂಡು ಹೆಕ್ಕಬಹುದು. ಕಡಿದಾದ ಆ ಕಣಿವೆಯ ಆಳಕ್ಕೆ ಎಸೆದದ್ದನ್ನು ಹೆಕ್ಕುವವರು ಯಾರು? ಯಾರೂ ಇಲ್ಲ. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಅದೇ ಕೊಚ್ಚಿಕೊಂಡು ಹೋಗಬೇಕು.

ಹೋಗುವುದಾದರೂ ಎಲ್ಲಿಗೆ? ಶರಾವತಿಗೆ ಲಿಂಗನಮಕ್ಕಿ ಕಟ್ಟಿದೆವು, ಕಾಳಿಗೆ ಸೂಪಾ ಕಟ್ಟಿದೆವು. ದೊಡ್ಡ ಅಣೆಕಟ್ಟೆ ಇಲ್ಲದೆ ಕಡಲಿನವರೆಗೂ ತನ್ನಿಷ್ಟದಂತೆ ಹರಿಯುವ ಹೊಳೆಗಳಲ್ಲಿ ಇದೂ ಒಂದು. ಅದನ್ನು ಉಳಿಸಿಕೊಳ್ಳಲು ಈ ಜಿಲ್ಲೆಯ ಜನ ಎಷ್ಟು ಬಡಿದಾಡಿದ್ದಾರೆ! ತಡೆಯಿಲ್ಲದ ಹೊಳೆಯಲ್ಲಿ ಇಲ್ಲಿ ಬಿಟ್ಟ ಪ್ಲಾಸ್ಟಿಕ್ ಹೊಳೆ ಕಡಲು ಸೇರುವ ಕುಮಟಾದ ಅಳಿವೆಯವರೆಗೂ ತೇಲಬಲ್ಲದು. ಅಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಹೊಟ್ಟೆ ಹೊರೆಯುವವರಿದ್ದಾರೆ. ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತವನ್ನು ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಬೆಳೆಯುವವರಿದ್ದಾರೆ. ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಬಳಚು ಹೆಕ್ಕುವವರ ಬುಟ್ಟಿಗೆ ನಿಮ್ಮ ಚಿಪ್ಸ್ ಪೊಟ್ಟಣ ಬೇಕಿತ್ತೇ?

ಕಸದ ತೊಟ್ಟಿ ಹತ್ತಿರ ಇರಲಿಲ್ಲ ಎನ್ನುವವರ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ತುಂಬಿದ ಬಾಟಲಿಗಳನ್ನು ಹೊತ್ತುಕೊಂಡು ಆ ಮೆಟ್ಟಿಲುಗಳನ್ನೆಲ್ಲ ಇಳಿದು ಬಂದವರಿಗೆ ಖಾಲಿ ಬಾಟಲಿ ಭಾರವಾಯಿತೇ? ತಂದ ಚೀಲದಲ್ಲೇ ವಾಪಸ್ ತುಂಬಿಸಿಕೊಳ್ಳಿ. ಚೀಲವಿಲ್ಲದಿದ್ದರೆ ಕೈಯಲ್ಲಿ ಹಿಡಿದುಕೊಂಡು ಹೋಗಿ. ಅದೂ ಆಗದಿದ್ದರೆ ದಯವಿಟ್ಟು ಮನೆಯಲ್ಲೇ ಕುಳಿತು ಕುಡಿಯಿರಿ. ಉಂಚಳ್ಳಿಗೆ ನಿಮ್ಮಿಂದ ಆಗಬೇಕಾದದ್ದು ಏನೂ ಇಲ್ಲ.

ಇನ್ನು ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದವರಿಗೆ ಒಂದು ಮಾತು. ನಾನೊಬ್ಬ ಕೇಳಿದ್ದಕ್ಕೆ ಅವರು ನಕ್ಕರು. ನಿಮ್ಮಲ್ಲಿ ನಾಲ್ಕು ಜನ ನನ್ನ ಜೊತೆ ಸೇರಿ ದನಿ ಎತ್ತಿದ್ದರೆ ನಗುತ್ತಿದ್ದರೇ?