ಪ್ರೀತಿಯಿಂದಲೇ ಅಂದದ್ದು, ಸ್ವಾಮಿ

ನಮ್ಮ ದೇಶದಲ್ಲಿ ಜನಾಂಗಭೇದವಿಲ್ಲ. ಇರುವುದು ಪ್ರೀತಿ ಮಾತ್ರ. ಈ ಸತ್ಯವನ್ನು ಒಪ್ಪದ ಒಬ್ಬರು ನಮ್ಮ ಬಡಾವಣೆಯಲ್ಲಿದ್ದಾರೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ಅದರಲ್ಲಿ ಅರ್ಧ ಕಾಲವನ್ನು ಕಾರ್ಮಿಕ ಸಂಘದ ಕೊಠಡಿಯಲ್ಲೇ ಕಳೆದು ನಿವೃತ್ತರಾದ ಅವರನ್ನು ಹಾಲಿನವನೂ ಸೇರಿದಂತೆ ಎಲ್ಲರೂ ಕಾಮ್ರೇಡ್ ಎಂದೇ ಕರೆಯುತ್ತಾರೆ. ಕ್ರೀಡೆಯಲ್ಲಿನ ವರ್ಣಭೇದವನ್ನು ವಿರೋಧಿಸುವುದು ಅವರ ಈಗಿನ ಕಾಯಕ. ಪಿಂಚಣಿಯ ಒಂದು ಪಾಲು ರಟ್ಟು, ಸ್ಕೆಚ್ ಪೆನ್ನುಗಳಿಗೆ ಹೋದರೆ ಇನ್ನೊಂದು ಪಾಲು ರಕ್ತದೊತ್ತಡದ ಮಾತ್ರೆಗೆ ಹೋಗುತ್ತದೆ. ಎರಡು ಖರ್ಚಿಗೂ ಕಾರಣ ಒಂದೇ ಎಂಬುದು ಅವರ ಮನೆಯವರ ಅಭಿಪ್ರಾಯ.

2020ರಲ್ಲಿ ವೆಸ್ಟ್ ಇಂಡೀಸಿನ ಡ್ಯಾರೆನ್ ಸಾಮಿ, ಐಪಿಎಲ್‌ನಲ್ಲಿ ಹೈದರಾಬಾದ್ ತಂಡಕ್ಕೆ ಆಡುವಾಗ ತಮ್ಮನ್ನು ‘ಕಾಲೂ’ (ಹಿಂದಿಯಲ್ಲಿ ‘ಕರಿಯ’) ಎಂದು ಕರೆಯುತ್ತಿದ್ದರೆಂದೂ, ಅದಕ್ಕೆ ಬಲಿಷ್ಠ ಕುದುರೆ ಎಂಬ ಅರ್ಥವಿದೆಯೆಂದು ತಾವು ನಂಬಿದ್ದಾಗಿಯೂ ಹೇಳಿಕೊಂಡರು. ಹಾಗೆ ಕರೆದವರಲ್ಲೊಬ್ಬರು ಮಾತಾಡಿ, ಅದು ಪ್ರೀತಿಯಿಂದ ಅಂದದ್ದೆಂದು ಭರವಸೆ ಕೊಟ್ಟ ಮೇಲೆ ಪ್ರಕರಣ ತಣ್ಣಗಾಯಿತು. ಅದೇ ವರ್ಷ ದೇಶದ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ ‘ಫೇರ್’ ಕಿತ್ತು ‘ಗ್ಲೋ’ ಅಂಟಿಸಿಕೊಂಡಿತಾದ್ದರಿಂದ ಬಣ್ಣದ ಸಮಸ್ಯೆಯೂ ಬಗೆಹರಿದಂತಾಯಿತು. ಆದರೆ 2021ರ ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರ ನಿಂದನೆಯ ಬಗ್ಗೆ ಮೊಹಮ್ಮದ್ ಸಿರಾಜ್ ದೂರು ಕೊಟ್ಟು, ಆಟ ನಿಂತು, 6 ಮಂದಿಯನ್ನು ಗ್ಯಾಲರಿಯಿಂದ ಹೊರಗೆ ಕಳಿಸಿದಾಗ, ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರೆಗೂ ರಕ್ತ ಕುದಿಯಿತು. ಆಸ್ಟ್ರೇಲಿಯದವರಿಗೆ ಪ್ರೀತಿಸಲು ಬರುವುದಿಲ್ಲ. ಅವರು ಅಂದರೆ ಬೈಗುಳ, ನಾವು ಅಂದರೆ ಮುದ್ದು. ಕರ್ತೃ ಬದಲಾದಾಗ ಪದದ ಅರ್ಥವೂ ಬದಲಾಗುವ ಈ ವ್ಯಾಕರಣ ಕಾಮ್ರೇಡರ ತಲೆಗೆ ಹತ್ತುವುದಿಲ್ಲ.

ಪಂದ್ಯದ ದಿನ ಕ್ರೀಡಾಂಗಣದ ಎದುರು ಹತ್ತು ಮಂದಿ ಅರ್ಧ ಗಂಟೆ ಮೌನವಾಗಿ ನಿಲ್ಲುತ್ತೇವೆಂದು ಅವರು ಠಾಣೆಗೆ ಅರ್ಜಿ ಕೊಟ್ಟರು. ಬೆಂಗಳೂರಿನಲ್ಲಿ 2021ರ ಆದೇಶದ ನಂತರ ಪ್ರತಿಭಟನೆಗೆ ಉಳಿದಿರುವುದು ಫ್ರೀಡಂ ಪಾರ್ಕ್ ಒಂದೇ. ಹಿಂದೆ ಸೆಂಟ್ರಲ್ ಜೈಲಾಗಿದ್ದು, ತುರ್ತು ಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಕೂಡಿಹಾಕಿದ್ದ ಆವರಣ ಅದು. ಈಗ ಪ್ರಜೆಗಳು ಅರ್ಜಿ ಹಾಕಿ, ಅನುಮತಿ ಪಡೆದು, ತಾವಾಗಿಯೇ ಒಳಗೆ ಹೋಗುತ್ತಾರೆ.

‘ಅನ್ಯಾಯ ಆಗಿರೋದು ಯಾರಿಗೆ, ಸಾರ್?’ ಎಂದು ಅಧಿಕಾರಿ ಕೇಳಿದರು.

‘ಬೈಸಿಕೊಂಡ ಆಟಗಾರರಿಗೆ.’

‘ಹಾಗಾದರೆ ಅವರ ಆಧಾರ್ ಜೆರಾಕ್ಸ್ ಲಗತ್ತಿಸಿ. ಅಲ್ಲಾ, ನಮ್ಮ ಕರ್ನಾಟಕದಲ್ಲಿ ಇಂಥದ್ದೆಲ್ಲ ಎಲ್ಲಿದೆ?’

ಉತ್ತರ ಕನ್ನಡದ ಸಿದ್ದಿ ಮಕ್ಕಳ ಪೂರ್ವಜರು ಆಫ್ರಿಕದವರಾದ್ದರಿಂದ ಓಟದಲ್ಲಿ ಪದಕ ಖಚಿತವೆಂದು ಲೆಕ್ಕ ಹಾಕಿ, 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರವು ಅವರನ್ನು ತರಬೇತಿಗೆ ಆರಿಸಿದ್ದನ್ನೂ, ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟದ್ದನ್ನೂ ಕಾಮ್ರೇಡ್ ವಿವರಿಸಿದರು. ‘ಓ, ಸರ್ಕಾರ ಸೌಲಭ್ಯ ಕೊಟ್ಟಿತ್ತಲ್ಲ, ಮತ್ತೇನು ಬೇಕು?’ ಎಂದು ಅಧಿಕಾರಿ ಅರ್ಜಿಯನ್ನು ಮಡಿಸಿಟ್ಟರು.

ಆಟದಲ್ಲಿ ರಾಜಕೀಯ ತರಬಾರದೆಂಬುದು ನಮ್ಮ ಪಾರ್ಕಿನ ಹಿರಿಯರ ಒಮ್ಮತದ ತೀರ್ಮಾನ. ರಾಜಕಾರಣಿಗಳು ಕ್ರೀಡಾ ಸಂಸ್ಥೆಗಳ ಅಧ್ಯಕ್ಷರಾಗಬಹುದು, ಅದು ಸೇವೆ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ಪಂದ್ಯದಲ್ಲೇ ಪಾದಾರ್ಪಣೆ ಮಾಡಿದ ವೆಸ್ಟ್ ಇಂಡೀಸಿನ ಗಾರ್ಡನ್ ಗ್ರೀನಿಜ್ 93 ಮತ್ತು 107 ರನ್ ಹೊಡೆದದ್ದು ಈ ಹಿರಿಯರಿಗೆ ಬಾಯಿಪಾಠ. (ಆ ಪಂದ್ಯವನ್ನು ಕಣ್ಣಾರೆ ಕಂಡೆವೆನ್ನುವವರೆಲ್ಲ ನಿಜಕ್ಕೂ ಹೋಗಿದ್ದರೆ ಕಬ್ಬನ್ ಪಾರ್ಕಿನಲ್ಲೂ ಗ್ಯಾಲರಿ ಕಟ್ಟಬೇಕಾಗುತ್ತಿತ್ತು.) ಅದೇ 1974ರಲ್ಲಿ ಟೆನಿಸ್‌ನ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದೊಡನೆ ಆಡುವುದಿಲ್ಲವೆಂದು ಕಪ್ಪನ್ನೇ ಬಿಟ್ಟುಕೊಟ್ಟದ್ದು ಮಾತ್ರ ಒಬ್ಬರಿಗೂ ನೆನಪಿಲ್ಲ. ಅದೇ ಬೆಂಗಳೂರು ಪಂದ್ಯದಲ್ಲಿ ಟೆಸ್ಟ್ ಜೀವನ ಆರಂಭಿಸಿದ ವಿವಿಯನ್ ರಿಚರ್ಡ್ಸ್, ಮುಂದೆ ತಮ್ಮಲ್ಲಿಗೆ ಬಂದು ಆಡಿರೆಂಬ ದಕ್ಷಿಣ ಆಫ್ರಿಕದ ದುಡ್ಡಿನ ಆಮಿಷವನ್ನು ತಿರಸ್ಕರಿಸಿದ್ದನ್ನು ಕಾಮ್ರೇಡ್ ನೆನಪಿಸಹೊರಟರೆ ಹಿರಿಯರು ವಾಕಿಂಗ್‌ನ ವೇಗ ಹೆಚ್ಚಿಸುತ್ತಾರೆ. ಇಂಗ್ಲೆಂಡಿನಲ್ಲಿ 1970ರ ದಕ್ಷಿಣ ಆಫ್ರಿಕ ತಂಡದ ಪ್ರವಾಸವನ್ನು ವಿರೋಧಿಸಿ ಲಾರ್ಡ್ಸ್ ಮೈದಾನಕ್ಕೇ ಮುಳ್ಳುತಂತಿ ಸುತ್ತಿಸಿ, ಪ್ರವಾಸವನ್ನು ರದ್ದುಮಾಡಿಸಿದ ಚಳವಳಿಯ ಮುಂದಾಳು ಪೀಟರ್ ಹೇನ್ ಆಮೇಲೆ ಮಂತ್ರಿಯಾದರು, ಲಾರ್ಡ್ ಕೂಡ ಆದರು. ನಮ್ಮ ಕಾಮ್ರೇಡರಿಗೆ ಸಿಕ್ಕ ಬಡ್ತಿಯೆಂದರೆ ಬಡಾವಣೆಯ ವಾಟ್ಸಾಪ್ ಗುಂಪಿನಿಂದ ಬಿಡುಗಡೆ.

ಕೊನೆಗೆ ಅವರು ಟಿಕೆಟ್ ಕೊಂಡು ಒಳಗೇ ಹೋದರು. ಜೊತೆಗೆ ನಾನೂ ಹೋದೆ. ಗೇಟಿನಲ್ಲಿ ಅವರ ರಟ್ಟನ್ನೂ ನನ್ನ ಜೇಬಿನ ಚಿಲ್ಲರೆಯನ್ನೂ ಇಳಿಸಿಕೊಂಡರು. ಒಳಗೆ ಕುರ್ಚಿಗಳ ಮೇಲೆ ಪ್ರಾಯೋಜಕರು ಇಟ್ಟಿದ್ದ ಕಾರ್ಡುಗಳ ಒಂದು ಬದಿಯಲ್ಲಿ ದೊಡ್ಡ ‘6’ ಇತ್ತು, ಇನ್ನೊಂದು ಬದಿ ಖಾಲಿ. ಕಾಮ್ರೇಡ್ ಕಾಲುಚೀಲದೊಳಗಿಂದ ಸ್ಕೆಚ್ ಪೆನ್ನು ತೆಗೆದು, ಕನ್ನಡಕ ಏರಿಸಿಕೊಂಡು, ಖಾಲಿ ಬದಿಯಲ್ಲಿ ‘ಕರಿಯ ಎನ್ನುವುದು ಪ್ರೀತಿಯಲ್ಲ’ ಎಂದು ದುಂಡಗೆ ಬರೆದರು. ಬೌಂಡರಿ ಬಳಿ ನಿಂತಿದ್ದ ಎದುರು ತಂಡದ ಕ್ಷೇತ್ರರಕ್ಷಕನನ್ನು ನಮ್ಮ ಹಿಂದಿನ ಸಾಲಿನವರು ‘ಏ ಕರಿಯಾ, ಒಂದ್ಸಲ ಇಲ್ ನೋಡೋ’ ಎಂದು ಕೂಗಿದೊಡನೆ ಕಾಮ್ರೇಡ್ ಎದ್ದು ಹಿಂದಕ್ಕೆ ತಿರುಗಿ, ಬರೆದ ಬದಿ ಅವರಿಗೆ ಕಾಣುವಂತೆ ಕಾರ್ಡನ್ನು ಎತ್ತಿ ಹಿಡಿದರು. ಮೈದಾನಕ್ಕೂ ಕ್ಯಾಮೆರಾಕ್ಕೂ ಕಂಡದ್ದು ‘6’. ಸರಿಯಾಗಿ ಆ ಕ್ಷಣದಲ್ಲೇ ನಮ್ಮ ಬ್ಯಾಟ್ಸ್‌ಮನ್‌ನ ಮಧ್ಯದ ಸ್ಟಂಪ್ ಹಾರಿತು.

ದೊಡ್ಡ ಪರದೆಯಲ್ಲಿ ಕಾಮ್ರೇಡರ ಬೆನ್ನನ್ನೂ ಆ ‘6’ ಅನ್ನೂ ಕಂಡ ಪಕ್ಕದ ಹುಡುಗನಿಗೆ ತಡೆಯಲಾಗಲಿಲ್ಲ.

‘ಅಂಕಲ್, ನಮ್ಮೋನು ಔಟಾಗಿದಾನೆ, ನೀವು ಸಿಕ್ಸ್ ಎತ್ತಿದೀರಲ್ಲ, ಯಾವ ದೇಶದೋರು ನೀವು?’