ಕಡಲಲ್ಲಿ ನೂರು ಜನ, ಬೆಟ್ಟದ ಮೇಲೆ ಒಬ್ಬ

ಎರಡು ವರ್ಷದ ಹಿಂದೆ ಅಮ್ಮ ಲಿವರ್‌ಪೂಲ್‌ಗೆ ಬಂದಿದ್ದಳು. ಇಲ್ಲಿ ಅವಳಿಗೆ ತೋರಿಸೋಕೆ ಅಂತ ಏನಿದೆ ಹೇಳಿ? ಬೀಟಲ್ಸ್ ಬೇಡ, ಫುಟ್‌ಬಾಲ್ ಅಂತೂ ಕೇಳೋದೇ ಬೇಡ. ಸರಿ, ಒಂದು ಭಾನುವಾರ ಲೋಕಲ್ ರೈಲು ಹತ್ತಿಸಿ ಕ್ರಾಸ್ಬಿ ಕಡಲತೀರಕ್ಕೆ ಕರೆದುಕೊಂಡು ಹೋದೆ. ಸೀರೆ ಮೇಲೆ ನನ್ನ ಜಾಕೆಟ್, ಕಾಲಿಗೆ ಮಗಳ ಶೂ. ನೀರು ಇಳಿದಿತ್ತು. ಮರಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಅಂತ ಕಬ್ಬಿಣದ ಮನುಷ್ಯರು, ಎಲ್ಲರೂ ಕಡಲ ಕಡೆಗೆ ಮುಖ ಮಾಡಿ ನಿಂತಿದ್ದರು. ಅಮ್ಮ ಹತ್ತಿರದವನ ಮುಂದೆ ಹೋಗಿ ಮೇಲಿಂದ ಕೆಳಗೆ ನೋಡಿದಳು. "ಇದೇನ್ಲಾ, ಗೊಮ್ಮಟಪ್ಪನ ಹಂಗೆ ಬರೀ ಮೈಲಿ ನಿಂತವ್ನಲ್ಲ!" ಅಂದಳು. ಆಮೇಲೆ ಬಗ್ಗಿ ಅವನ ಮೊಣಕಾಲು ಮುಟ್ಟಿದಳು. ಅಲ್ಲಿ ಬಾರ್ನಕಲ್ ಅನ್ನೋ ಸಣ್ಣ ಚಿಪ್ಪುಜೀವಿಗಳು ಒತ್ತೊತ್ತಾಗಿ ಅಂಟಿಕೊಂಡು ಕಾಲೆಲ್ಲ ಗರಗಸದ ಹಾಗೆ ಒರಟಾಗಿತ್ತು. "ಇವ್ನಿಗೂ ಹುತ್ತ ಕಟ್ಕಂಡದೆ ನೋಡು."

ನಾನು ಆ ತೀರಕ್ಕೆ ಹತ್ತಿಪ್ಪತ್ತು ಸಲವಾದರೂ ಹೋಗಿದ್ದೇನೆ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ, ಶ್ರವಣಬೆಳಗೊಳ ಅಂದರೆ ಪಕ್ಕದ ಮನೆ ಇದ್ದ ಹಾಗೆ. ಆದರೂ ಈ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಆ ಕಬ್ಬಿಣದ ಮನುಷ್ಯರನ್ನು ಮಾಡಿದವನು ಆಂಟನಿ ಗಾರ್ಮ್ಲಿ ಅನ್ನೋ ಇಂಗ್ಲಿಷ್ ಶಿಲ್ಪಿ. ಕೃತಿಯ ಹೆಸರಿನ ಅರ್ಥ 'ಇನ್ನೊಂದು ಜಾಗ'. ಎರಕದ ಕಬ್ಬಿಣದ 100 ಮೂರ್ತಿಗಳು, ಒಂದೊಂದೂ 650 ಕೆಜಿ. ತನ್ನದೇ ಮೈಗೆ ಅಚ್ಚು ಹಾಕಿಸಿಕೊಂಡು ಮಾಡಿದ 17 ಅಚ್ಚುಗಳಿಂದ ಈ ನೂರೂ ಬಂದಿವೆ. ಸುಮಾರು 3 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿವೆ. ನೀರೇರಿದಾಗ ದೂರದವು ತಲೆ ಸಮೇತ ಮುಳುಗುತ್ತವೆ, ಹತ್ತಿರದವು ಎದೆಮಟ್ಟ ನೀರಲ್ಲಿ ನಿಂತಿರುತ್ತವೆ, ಮತ್ತೆ ಇಳಿದಾಗ ಎಲ್ಲರೂ ವಾಪಸ್. ದಿನಕ್ಕೆರಡು ಸಲ ಇದೇ ಕೆಲಸ. ಮುಖದಲ್ಲಿ ಕಣ್ಣು ಮೂಗು ಸರಿಯಾಗಿ ಗೊತ್ತಾಗಲ್ಲ. ಹಾಗಾದರೆ ಭಾವನೆ ಎಲ್ಲಿದೆ ಅಂತ ಹುಡುಕಿದರೆ ಎದೆಯಲ್ಲಿದೆ. ಕೆಲವರದು ಉಸಿರು ತುಂಬಿಕೊಂಡ ಎದೆ, ಕೆಲವರದು ಉಸಿರು ಬಿಟ್ಟು ಸಡಿಲವಾದ ಎದೆ. ಊರು ಬಿಟ್ಟು ಹೋಗುವವರ ಸಂಕಟ, ಜೊತೆಗೇ ಇನ್ನೊಂದು ಜಾಗದಲ್ಲಿ ಏನೋ ಒಳ್ಳೆಯದಾಗಬಹುದು ಅನ್ನೋ ಆಸೆ, ಅದು ಅವನ ಯೋಚನೆ. ಹಿಂದೆ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೊರಟಿದ್ದು ಇದೇ ಲಿವರ್‌ಪೂಲ್‌ನಿಂದ. ನಾನೂ ಒಂದು ದಿನ ಕೆಂಪೇಗೌಡ ಏರ್‌ಪೋರ್ಟಲ್ಲಿ ಎರಡು ಸೂಟ್‌ಕೇಸ್ ಹಿಡಿದು ಹಾಗೇ ನಿಂತಿದ್ದೆನಲ್ಲ, ಉಸಿರು ಒಳಗೋ ಹೊರಗೋ ನೆನಪಿಲ್ಲ.

ಇನ್ನೊಂದು ವಿಷಯ. ಗಾರ್ಮ್ಲಿ ಕಾಲೇಜು ಮುಗಿಸಿ 1971ರಿಂದ ಮೂರು ವರ್ಷ ಭಾರತ, ಶ್ರೀಲಂಕಾ ಸುತ್ತಿ ಬೌದ್ಧ ಧ್ಯಾನ ಕಲಿತವನು. ನೆಟ್ಟಗೆ ನಿಲ್ಲೋದು, ಉಸಿರು ಗಮನಿಸೋದು ಎಲ್ಲಿಂದ ಬಂತು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ಸತ್ತೆ.

ನಮ್ಮ ಗೊಮ್ಮಟನನ್ನೇ ನೋಡಿ. ಸುಮಾರು 57 ಅಡಿ, ಒಂದೇ ಬಂಡೆ, 981ರಲ್ಲಿ ಚಾವುಂಡರಾಯ ನಿಲ್ಲಿಸಿದ್ದು. ಅಣ್ಣನನ್ನು ಗೆದ್ದು, ಗೆದ್ದ ಕ್ಷಣದಲ್ಲೇ ಎಲ್ಲ ಬಿಟ್ಟು ನಿಂತವನು. ನಿಂತಲ್ಲೇ ಹುತ್ತ ಬೆಳೆಯಿತು, ಬಳ್ಳಿ ಕಾಲು ಸುತ್ತಿ ತೋಳಿನವರೆಗೂ ಹತ್ತಿತು. ಈ ಬಳ್ಳಿ, ಹುತ್ತ ಎರಡನ್ನೂ ನಮ್ಮ ಶಿಲ್ಪಿ ತಾನೇ ಕೆತ್ತಿಬಿಟ್ಟ. ಸಾವಿರ ವರ್ಷ ಆದರೂ ಒಂದು ಎಲೆ ಜಾಸ್ತಿಯಾಗಿಲ್ಲ. ಕ್ರಾಸ್ಬಿಯಲ್ಲಿ ಶಿಲ್ಪಿ ಆ ಕೆಲಸ ಮುಟ್ಟಲೇ ಇಲ್ಲ, ಕಡಲಿಗೆ ಬಿಟ್ಟ. ಪಾಚಿ, ತುಕ್ಕು, ಚಿಪ್ಪು ಎಲ್ಲ ಅದರದೇ ಕೆತ್ತನೆ, ಇನ್ನೂ ಮುಗಿದಿಲ್ಲ. ಯಾವುದು ಮೇಲು ಅಂತ ಕೇಳಿದರೆ ನನ್ನ ಓಟು ಗೊಮ್ಮಟನಿಗೇ. ಆ ಅರ್ಧ ಮುಚ್ಚಿದ ಕಣ್ಣು, ನಗುವೋ ಅಲ್ಲವೋ ಅನ್ನೋ ತುಟಿ, ಅಷ್ಟು ಎತ್ತರದಲ್ಲಿ ಅಷ್ಟು ಸೂಕ್ಷ್ಮ ಇಲ್ಲಿ ನಾನು ಎಲ್ಲೂ ನೋಡಿಲ್ಲ. ಆದರೆ ಮುಟ್ಟಿ ನೋಡಬೇಕು ಅನಿಸೋದು ಈ ಕಬ್ಬಿಣದವನನ್ನು.

ಇಲ್ಲಿಯವರು ಮುಟ್ಟುತ್ತಾರೆ ಕೂಡ. ಕ್ರಿಸ್‌ಮಸ್‌ಗೆ ಟೋಪಿ ಹಾಕ್ತಾರೆ, ಮ್ಯಾಚ್ ಇದ್ದರೆ ಜೆರ್ಸಿ ತೊಡಿಸ್ತಾರೆ, ಮಕ್ಕಳು ಹೆಗಲು ಹಿಡಿದು ಜೋತಾಡ್ತಾರೆ. ಯಾರ ಭಾವನೆಗೂ ಧಕ್ಕೆ ಆಗಲ್ಲ. ಹಾಗಂತ ಇವರೆಲ್ಲ ಕಲೆ ಅಂದರೆ ಕೈ ಮುಗಿಯುವ ಜನ ಅಂದುಕೊಳ್ಳಬೇಡಿ, ಇಲ್ಲೂ ಬೇಕಾದಷ್ಟು ಜಗಳ ನಡೆದಿದೆ. 2005ರಲ್ಲಿ ತಾತ್ಕಾಲಿಕ ಅಂತ ತಂದಿದ್ದು, ಆಮೇಲೆ ನ್ಯೂಯಾರ್ಕ್‌ಗೆ ಹೋಗಬೇಕಿತ್ತು. ಇಲ್ಲೇ ಇರಲಿ ಅಂತ ಕೆಲವರು, ದೋಣಿಗೆ ಅಪಾಯ, ಕೆಸರಲ್ಲಿ ಜನ ಸಿಕ್ಕಿಕೊಳ್ತಾರೆ, ಹಕ್ಕಿಗಳಿಗೆ ತೊಂದರೆ ಅಂತ ಕೆಲವರು. ಕೊನೆಗೆ 2007ರಲ್ಲಿ ಕಾಯಂ ಅಂತಾಯಿತು, ಕೆಲವು ಮೂರ್ತಿಗಳ ಜಾಗ ಬದಲಿಸೋದು ಅಂತಲೂ ಒಪ್ಪಿಕೊಂಡರು.

ಈಗ ನಮ್ಮ ಕಡೆ ಏನಾಗಿದೆ ನೋಡಿ. ನಮ್ಮೂರ ಪಾರ್ಕಿನಲ್ಲಿ ಸಿಮೆಂಟಿನ ಜಿಂಕೆ ಎರಡು, ಹುಲಿ ಒಂದು, ಅಣಬೆ ಆಕಾರದ ಕೊಡೆ ಒಂದು. ಹುಲಿಗೆ ವರ್ಷಕ್ಕೊಮ್ಮೆ ಆಯಿಲ್ ಪೇಂಟ್, ಕಳೆದ ಸಲ ಪೇಂಟರ್ ಅದಕ್ಕೆ ಹುಬ್ಬು ಬೇರೆ ಬರೆದಿದ್ದ. ಪ್ರಕೃತಿ ಅಂದರೆ ಇಷ್ಟೇ. ಸರ್ಕಲ್‌ಗೆ ಬಂದರೆ ದೊಡ್ಡವರ ಪ್ರತಿಮೆ, ಸುತ್ತ ಗ್ರಿಲ್, ಗ್ರಿಲ್‌ಗೆ ಬೀಗ. ಜಯಂತಿಯ ದಿನ ಏಣಿ ಹಾಕಿ ಹಾರ, ಆ ಹಾರ ಮುಂದಿನ ಜಯಂತಿವರೆಗೂ ಅಲ್ಲೇ ಒಣಗ್ತಾ ಇರುತ್ತದೆ. ಮುಖ ಅವರದ್ದೇ ಅಂತ ಗೊತ್ತಾದರೆ ಸಾಕು, ಆ ಮನುಷ್ಯ ಏನು ಯೋಚಿಸುತ್ತಿದ್ದ ಅನ್ನೋದು ಯಾರಿಗೂ ಬೇಕಿಲ್ಲ.

ಕೈಚಳಕ ಇಲ್ಲ ಅಂತಲ್ಲ. ಮೈಸೂರಿನ ಅರುಣ್ ಯೋಗಿರಾಜ್ ಕೃಷ್ಣಶಿಲೆಯಲ್ಲಿ ಕೆತ್ತಿದ 51 ಇಂಚಿನ ಬಾಲರಾಮನ ಕಣ್ಣುಗಳ ಬಗ್ಗೆ 2024ರ ಜನವರಿಯಲ್ಲಿ ನನ್ನ ಆಫೀಸಿನ ಗುಜರಾತಿ ಹುಡುಗ ಕೂಡ ಮಾತಾಡಿದ. ಕನಕಾ ಮೂರ್ತಿಯವರು ಶಿಲ್ಪಿ ವಾದಿರಾಜರ ಹತ್ತಿರ ಕಲಿತು, ಹೆಂಗಸರಿಗೆ ಉಳಿ ಯಾಕೆ ಅನ್ನುತ್ತಿದ್ದ ಕಾಲದಲ್ಲಿ ಕಲ್ಲು ಕೆತ್ತಿದರು. 2021ರಲ್ಲಿ ತೀರಿಕೊಂಡರು. ಅವರು ಮಾಡಿದ ಕುವೆಂಪು ಪ್ರತಿಮೆಯ ಮುಂದೆ ಲಾಲ್‌ಬಾಗ್‌ಗೆ ಹೋಗುವ ಎಷ್ಟು ಜನ ನಿಲ್ಲುತ್ತಾರೋ. ಇಂಥ ಕೈಗಳಿಗೆ ನಾವು ಕೊಡೋದು ದೇವರು ಅಥವಾ ದೊಡ್ಡವರು, ಎರಡೇ ಕೆಲಸ. ಒಂದು ಕೆರೆ ಏರಿ ಕೊಟ್ಟು, ನಿನಗೆ ತೋಚಿದ್ದು ಮಾಡಪ್ಪ ಅಂದವರನ್ನು ನಾನಂತೂ ನೋಡಿಲ್ಲ.

ಯಾರ್ಕ್‌ಷೈರ್‌ನಲ್ಲಿ ಒಂದು ಶಿಲ್ಪವನವಿದೆ, 1977ರಲ್ಲಿ ಶುರುವಾಗಿದ್ದು. ಅಲ್ಲಿ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಮೂರ್ತಿಗಳ ನಡುವೆ ಕುರಿ ಮೇಯುತ್ತವೆ, ಬೆನ್ನು ತುರಿಸಿದರೆ ಮೂರ್ತಿಗೇ ಉಜ್ಜಿಕೊಳ್ಳುತ್ತವೆ. ಮೊದಲ ಸಲ ನೋಡಿದಾಗ ಆಹಾ ಎಂಥ ಜನ ಅಂತ ಹೊಗಳಿದ್ದೆ. ಆಮೇಲೆ ನೆನಪಾಯಿತು, ನಮ್ಮ ದೊಡ್ಡಪ್ಪನ ಹೊಲದ ಬದುವಿನಲ್ಲಿ ಒಂದು ವೀರಗಲ್ಲಿದೆ. ದನ ಕಾಯೋಕೆ ಹೋದ ಯಾವನೋ ಕಳ್ಳರ ಜೊತೆ ಹೋರಾಡಿ ಸತ್ತ ಕಥೆ ಅಂತ ದೊಡ್ಡಪ್ಪ ಹೇಳ್ತಿದ್ದರು. ಎಮ್ಮೆ ಅದಕ್ಕೇ ಮೈ ಉಜ್ಜೋದು, ಒಂದು ಮೂಲೆ ನುಣ್ಣಗಾಗಿಬಿಟ್ಟಿದೆ. ಅರಳಿಕಟ್ಟೆಯ ನಾಗರಕಲ್ಲನ್ನು ಬೇರು ಅರ್ಧ ನುಂಗಿದೆ, ಅದಕ್ಕೇ ಅರಿಶಿನ ಹಚ್ಚಿ ಬರ್ತಾರೆ. ಇದೆಲ್ಲ ನಮಗೆ ಬರದ ವಿದ್ಯೆ ಅಲ್ಲ, ಅಲ್ವಾ?

ಬಿಟ್ಟುಕೊಡೋದೂ ಗೊತ್ತಿತ್ತು. ವೇಲ್ಸ್‌ನಲ್ಲಿ ಡೇವಿಡ್ ನ್ಯಾಷ್ ಅಂತ ಒಬ್ಬ ಶಿಲ್ಪಿ 1978ರಲ್ಲಿ ಓಕ್ ಮರದ ದೊಡ್ಡ ಗುಂಡು ಕಡೆದು, ಸಾಗಿಸೋಕೆ ಸುಲಭ ಅಂತ ತೊರೆಗೆ ಇಳಿಸಿದ. ಅದು ಹೊಂಡದಲ್ಲಿ ಸಿಕ್ಕಿಕೊಂಡಿತು. ಇರಲಿ ಬಿಡು ಅಂತ ಅವನು ಬಿಟ್ಟ, ಮತ್ತೆ ವರ್ಷಾನುಗಟ್ಟಲೆ ಪ್ರವಾಹ ಬಂದಾಗಲೆಲ್ಲ ಅದು ಎಲ್ಲಿ ಹೋಯಿತು ಅಂತ ಬೆನ್ನು ಹತ್ತಿ ಚಿತ್ರ ಬರೆದ, ಫೋಟೋ ತೆಗೆದ. 2003ರಲ್ಲಿ ಕಾಣೆ. 2013ರಲ್ಲಿ ಮತ್ತೆ ಪ್ರತ್ಯಕ್ಷ, ಆಮೇಲೆ ಮತ್ತೆ ಕಾಣೆ. ಇದನ್ನು ಹೇಳಿದಾಗ ಅಮ್ಮ ನಕ್ಕಳು. "ಗಣೇಶನ್ನ ಬಿಟ್ಟಂಗಾಯ್ತು. ಏನ್ ಬಿಟ್ರೂ ಬಣ್ಣ ಬಳೀದೆ ಬಿಟ್ಟವ್ನಲ್ಲ, ಅದೇ ಪುಣ್ಯ." ನಮ್ಮ ಕುಂಬಾರರು ಕೆರೆ ಮಣ್ಣು ತಂದು ಮಾಡಿದ ಗಣಪ ವಾಪಸ್ ಅದೇ ಕೆರೆಗೆ ಹೋಗುತ್ತಿದ್ದ. ಕಲ್ಲು ಉಳಿಯೋದಕ್ಕೆ, ಮಣ್ಣು ಹೋಗೋದಕ್ಕೆ. ಈಗ ಪ್ಲಾಸ್ಟರ್ ಗಣಪ ಕೆರೆಯಲ್ಲಿ ಹೋಗೋದೂ ಇಲ್ಲ, ಉಳಿಯೋದೂ ಇಲ್ಲ, ವಾರ ಬಿಟ್ಟು ಹೋದರೆ ಕೈಯೊಂದು ಕಡೆ ಸೊಂಡಿಲೊಂದು ಕಡೆ ತೇಲ್ತಾ ಇರುತ್ತದೆ.

ಅವತ್ತು ಕ್ರಾಸ್ಬಿಯಲ್ಲಿ ನೀರೇರೋಕೆ ಶುರುವಾದ ಮೇಲೆ ನಾವು ಹಿಂದೆ ಸರಿದು ಗೋಡೆ ಮೇಲೆ ಕೂತೆವು. ಫ್ಲಾಸ್ಕಿನ ಕಾಫಿ, ಅಮ್ಮ ತಂದ ಕೋಡುಬಳೆ. ನನ್ನ ಮಗಳು ಫೋನಿನಲ್ಲಿ ಗೊಮ್ಮಟನ ಕಾಲಿನ ಬಳ್ಳಿ ಹಿಗ್ಗಿಸಿ ನೋಡಿ, ಇದರಲ್ಲಿ ಎಷ್ಟು ಎಲೆ ಇದೆ ಅಂತ ಕೇಳಿದಳು. ನಮಗ್ಯಾರಿಗೂ ಗೊತ್ತಿಲ್ಲ. ಈ ಡಿಸೆಂಬರ್‌ಗೆ ಟಿಕೆಟ್ ಆಗಿದೆ, ಎಣಿಸಿಯೇ ಬರೋಣ ಅಂತ ತೀರ್ಮಾನ. ಮೆಟ್ಟಿಲು ಆರುನೂರಕ್ಕೂ ಜಾಸ್ತಿ, ಅಮ್ಮನಿಗೆ ಮಂಡಿ ನೋವು. ಡೋಲಿಯಲ್ಲಿ ಕೂರಲ್ಲ ಅಂತ ಈಗಲೇ ವಾಟ್ಸಾಪ್‌ನಲ್ಲಿ ಜಗಳ ಶುರುವಾಗಿದೆ.