ಗ್ರಹಣದ ದಿನ ನಮ್ಮ ವಿಜ್ಞಾನ ಎಲ್ಲಿರುತ್ತದೆ?

ಕನ್ನಂಬಾಡಿ ಕಟ್ಟೆ ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುವುದಕ್ಕೆ ನನ್ನ ತಕರಾರಿಲ್ಲ. ನಾನು ಮಂಡ್ಯದವನು. ನೀರಿನ ಮಟ್ಟ 124.80 ಅಡಿ ಎಂದು ಪತ್ರಿಕೆಯಲ್ಲಿ ಓದಿದರೆ ನನಗೂ ಕೈ ಮುಗಿಯಬೇಕೆನಿಸುತ್ತದೆ. ಬಂದ ನೀರಿಗೆ ನಮಸ್ಕಾರ ಮಾಡಿದರೆ ಯಾವ ಮಗುವಿನ ಪಾಠವೂ ಕೆಡುವುದಿಲ್ಲ. ಆದರೆ ಮಳೆ ತರಿಸಲು ಪರ್ಜನ್ಯ ಹೋಮ ಮಾಡಿಸಿ ಎಂದು 2019ರಲ್ಲಿ ಮುಜರಾಯಿ ಇಲಾಖೆಯೇ ದೇವಸ್ಥಾನಗಳಿಗೆ ಸುತ್ತೋಲೆ ಹೊರಡಿಸಿದಾಗ ನನಗೆ ರೇಗಿತು. ಅದೇ ಸರ್ಕಾರದ ಪಠ್ಯಪುಸ್ತಕದಲ್ಲಿ ಮಳೆಗೆ ಕಾರಣ ಸಮುದ್ರದ ಆವಿ ಮತ್ತು ಮಾರುತಗಳು. ನಮ್ಮ ಮಕ್ಕಳು ಜಾಣರು, ಎರಡನ್ನೂ ಇಟ್ಟುಕೊಳ್ಳುತ್ತಾರೆ: ಒಂದು ಅಂಕಕ್ಕೆ, ಇನ್ನೊಂದು ಬದುಕಿಗೆ.

ಈ ಎರಡು ಲೆಕ್ಕದ ವ್ಯವಹಾರ ಬಟಾಬಯಲಾಗುವುದು ಗ್ರಹಣದ ದಿನ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕೊಡಗಿನ ಕುಟ್ಟದ ಕಡೆ ಕಂಕಣ ಗ್ರಹಣ, ನಮ್ಮಲ್ಲಿ ಪಾರ್ಶ್ವ ಗ್ರಹಣ. ಟಿವಿ ತುಂಬ ರಾಶಿಫಲ. ನಮ್ಮ ಬೀದಿಯಲ್ಲಿ ಅಜ್ಜಿಯೊಬ್ಬರು ಹಿತ್ತಾಳೆ ತಟ್ಟೆಗೆ ಅರಿಶಿನದ ನೀರು ಹಾಕಿ ಒನಕೆ ನಿಲ್ಲಿಸಿದರು. ಅದು ನಿಂತಿತು. ಒನಕೆಗೆ ಕುಂಕುಮ ಬಿತ್ತು, ಮೊಬೈಲುಗಳು ಹೊರಬಂದವು. ಆ ಒನಕೆಯ ಬುಡವನ್ನು ಯಾರೂ ನೋಡಲಿಲ್ಲ: ಕಬ್ಬಿಣದ ಬಳೆ ಹೊಡೆದ, ಭತ್ತ ಕುಟ್ಟಿ ಕುಟ್ಟಿ ಸವೆದು ಸಪಾಟಾದ ಬುಡ. ಗುರುತ್ವ ಕೇಂದ್ರದಿಂದ ಇಳಿದ ಲಂಬ ರೇಖೆ ಆ ಬುಡದೊಳಗೇ ಬಿದ್ದರೆ ಒನಕೆ ಯಾವ ದಿನ ಬೇಕಾದರೂ ನಿಲ್ಲುತ್ತದೆ. ಮರುದಿನ ಬೀದಿಯ ಹುಡುಗರನ್ನು ಕೂಡಿಸಿಕೊಂಡು ಅದೇ ಒನಕೆಯನ್ನು ಬರಿಯ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ತೋರಿಸಿದೆ. ಆ ಅಜ್ಜಿ ಒಂದಿಷ್ಟೂ ಅಳುಕಲಿಲ್ಲ. "ನಿನ್ನೆಯ ಶಕ್ತಿ ಇನ್ನೂ ಇಳಿದಿಲ್ಲ ಬಿಡಪ್ಪ" ಎಂದರು. ನಾನೂ ನಕ್ಕುಬಿಟ್ಟೆ.

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅಂದು ಬೆಳಿಗ್ಗೆ ಬಾಗಿಲು, ಕಿಟಕಿ ಮುಚ್ಚಿಕೊಂಡು ಮಕ್ಕಳನ್ನು ಒಳಗೆ ಕೂರಿಸಿದ್ದ ಒಂದು ಶಾಲೆಯ ಮೇಲೆ. ಆ ಶಾಲೆಯ ಅಂಗಳದಲ್ಲೇ ಹೊಂಗೆ ಮರವಿತ್ತು. ಮೋಡ ಸರಿದು ಬಿಸಿಲು ಬಿದ್ದಾಗ ಅದರ ಎಲೆಗಳ ಸಂದಿನಿಂದ ನೆಲಕ್ಕೆ ಇಳಿದ ಒಂದೊಂದು ಬಿಸಿಲ ಚುಕ್ಕೆಯೂ ಕುಡುಗೋಲಿನಂತೆ ಬಾಗಿತ್ತು. ಸೂಜಿರಂಧ್ರ ಕ್ಯಾಮೆರಾದ ಪಾಠ ಪುಕ್ಕಟೆಯಾಗಿ ನೆಲದ ಮೇಲೆ ಬಿದ್ದಿತ್ತು. ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದು ಅಂಕ ಕೊಡುವ ಮೇಷ್ಟರು ಒಳಗೆ ಮೋಕ್ಷಕಾಲಕ್ಕಾಗಿ ಕಾಯುತ್ತಿದ್ದರು.

ನಂಬಿಕೆಯಿಂದ ಯಾರಿಗೇನು ನಷ್ಟ ಎನ್ನುವವರು ಅದೇ ಗ್ರಹಣದ ಹೊತ್ತಿನಲ್ಲಿ ಕಲಬುರಗಿಯ ತಾಜ್‌ಸುಲ್ತಾನಪುರದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಲಿ. ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು.

ಹಳ್ಳಿಯವರನ್ನೇ ದೂರುವುದೂ ಬೇಡ. 2016ರ ಜನವರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ನಡೆಯಿತು. ಅಲ್ಲಿ ಐಎಎಸ್ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ ಶಂಖ ಊದಿ ಅದರ ಆರೋಗ್ಯ ಲಾಭಗಳನ್ನು ವಿವರಿಸಿದರು. ನೊಬೆಲ್ ಪುರಸ್ಕೃತ ವೆಂಕಟರಾಮನ್ ರಾಮಕೃಷ್ಣನ್ ಈ ಕಾಂಗ್ರೆಸ್ಸನ್ನು ಸರ್ಕಸ್ ಎಂದು ಕರೆದದ್ದು ಅದೇ ತಿಂಗಳು. ಶಂಖ ಊದುವುದು ತಪ್ಪಲ್ಲ, ಪೂಜೆಯಲ್ಲಿ ನನಗೂ ಇಷ್ಟ. ಪ್ರಯೋಗದ ಪುರಾವೆ ಕೇಳಬೇಕಾದ ವೇದಿಕೆ ಚಪ್ಪಾಳೆ ತಟ್ಟುವುದು ತಪ್ಪು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸದ ಪಾಠ ಹೊರಬಿದ್ದಾಗ, ಹೊರೆ ಇಳಿಸಲು ಎಂದರು. ಡಾರ್ವಿನ್ ಅಷ್ಟೇನೂ ಭಾರವಿರಲಿಲ್ಲ.

ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯಲ್ಲಿ 1976ರಿಂದಲೂ ಬರೆದಿದೆ. ಅದನ್ನೂ ನಾವು ಎರಡು ಅಂಕದ ಪ್ರಶ್ನೆ ಮಾಡಿಟ್ಟಿದ್ದೇವೆ.

2027ರ ಆಗಸ್ಟ್ 2, ಸೋಮವಾರ. ಅಂದು ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣವಿದೆ. ಶಿಕ್ಷಣ ಇಲಾಖೆಯವರಲ್ಲಿ ಈಗಲೇ ಕೇಳುತ್ತಿದ್ದೇನೆ: ಮಕ್ಕಳನ್ನು ಬೇಗ ಮನೆಗೆ ಕಳುಹಿಸಬೇಡಿ. ಗ್ರಹಣ ಕನ್ನಡಕ ತರಿಸಿ, ಎಲ್ಲರನ್ನೂ ಬಯಲಿಗೆ ಕರೆತನ್ನಿ. ಬಿಸ್ಕತ್ತು, ಬಾಳೆಹಣ್ಣಿನ ಖರ್ಚು ನನ್ನದು. ಹಂಚುವುದು ಮಾತ್ರ ಗ್ರಹಣ ಹಿಡಿದಿರುವಾಗಲೇ.